ಹುಡುಕಿದ ಪದ ಎಲ್ಲಿ ಹೋಯಿತು?

ಗೂಗಲ್‌ನಲ್ಲಿ ಏನೋ ಹುಡುಕಿ ಒಂದು ವೆಬ್‌ಸೈಟ್ ತೆರೆದಾಗ, ನೀವು ಎಲ್ಲಿಂದ ಬಂದಿರಿ ಎಂದು ನಿಮ್ಮ ಬ್ರೌಸರೇ ಅದಕ್ಕೆ ಹೇಳುತ್ತದೆ. ಇದೇ 'ರೆಫರರ್'. 1996ರ ವೆಬ್ ನಿಯಮದಲ್ಲಿ ಈ ಪದದ ಇಂಗ್ಲಿಷ್ ಸ್ಪೆಲ್ಲಿಂಗಿನಿಂದ ಒಂದು 'ಆರ್' ಬಿಟ್ಟುಹೋಯಿತು. ಆ ತಪ್ಪು ಇವತ್ತಿಗೂ ಹಾಗೇ ಇದೆ!

ಮೊದಲು ನೀವು ಹುಡುಕಿದ ಪದವೂ ಇದರ ಜೊತೆಗೇ ಹೋಗುತ್ತಿತ್ತು. ಸಾಲ ಮನ್ನಾ ಎಂದು ಬರೆದರೂ, ಮನೆಯವರಿಗೂ ಹೇಳದ ಕಾಯಿಲೆಯ ಹೆಸರು ಬರೆದರೂ ಅದು ವೆಬ್‌ಸೈಟ್ ನಡೆಸುವವರ ಲೆಕ್ಕಕ್ಕೆ ಬೀಳುತ್ತಿತ್ತು. 2005ರಲ್ಲಿ ಗೂಗಲ್ ಅನಲಿಟಿಕ್ಸ್ ಪುಕ್ಕಟೆ ಸಿಕ್ಕ ಮೇಲಂತೂ ಸಣ್ಣಪುಟ್ಟವರೂ ಇದನ್ನು ನೋಡತೊಡಗಿದರು.

2011ರ ಅಕ್ಟೋಬರ್‌ನಲ್ಲಿ ಗೂಗಲ್, ಲಾಗಿನ್ ಆದವರ ಪದಗಳನ್ನು ಮುಚ್ಚಿಡತೊಡಗಿತು. 2013ರ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರದ್ದನ್ನೂ ಮುಚ್ಚಿತು. ಪದ ಇದ್ದ ಕಡೆ 'ನಾಟ್ ಪ್ರೊವೈಡೆಡ್' ಎಂದು ಬಂತು. ಜನರ ಗುಟ್ಟು ಕಾಯಲು ಹೀಗೆ ಮಾಡಿದೆವು ಎಂದಿತು ಕಂಪನಿ. ಆದರೆ ದುಡ್ಡು ಕೊಟ್ಟು ಜಾಹೀರಾತು ಹಾಕಿದವರಿಗೆ ಪದ ಸಿಗುತ್ತಲೇ ಇತ್ತು. ಗುಟ್ಟಿಗೂ ಒಂದು ರೇಟು ಇತ್ತು ಅನ್ನಿ.

ಈಗ ಅನಲಿಟಿಕ್ಸ್‌ನಲ್ಲಿ 'ಆರ್ಗ್ಯಾನಿಕ್ ಸರ್ಚ್ 40' ಎಂದು ಕಂಡರೆ, ಜಾಹೀರಾತಿಲ್ಲದೆ ಹುಡುಕಾಟದಿಂದ 40 ಭೇಟಿ ಎಂದಷ್ಟೇ ಅರ್ಥ. ಯಾವ ಪದಕ್ಕೆ ಎಷ್ಟು ಕ್ಲಿಕ್ ಎಂದು ತಿಳಿಯಲು ಸರ್ಚ್ ಕನ್ಸೋಲ್ ನೋಡಬೇಕು. ತೀರಾ ಕೆಲವರು ಮಾತ್ರ ಹುಡುಕಿದ ಪದ ಅಲ್ಲಿಯೂ ಕಾಣುವುದಿಲ್ಲ. ಒಂದು ಹೋಬಳಿಯ ಹತ್ತು ಮಂದಿ ಕೇಳುವ ಪ್ರಶ್ನೆ ಹೆಚ್ಚಾಗಿ ಆ ಕಾಣದ ಸಾಲಿಗೇ ಸೇರುತ್ತದೆ. ಅದನ್ನು ತಿಳಿಯಲು ನಾವು ಈಗಲೂ ಸಂತೆಗೇ ಹೋಗುತ್ತೇವೆ.