ಇಲ್ಲದ ಡಿಸ್ಕಿನ ಪಹಣಿ

ಒಂದು ಜನವರಿ ರಾತ್ರಿ. ಹೊರಗೆ ವುಡ್‌ರಿಡ್ಜ್ ಪೂರ್ತಿ ಹಿಮದಲ್ಲಿ ಮುಚ್ಚಿಹೋಗಿತ್ತು. ನಾನು ಮನೆಯಿಂದಲೇ ಲಾಗಿನ್ ಆಗಿ, ಮೇನ್‌ಫ್ರೇಮ್ ಮೇಲಿನ ಒಂದು ಲಿನಕ್ಸ್ ವರ್ಚುವಲ್ ಮಷೀನಿಗೆ ಡಿಸ್ಕ್ ಜಾಗ ಸೇರಿಸ್ತಾ ಇದ್ದೆ. 6001 ಅಂತ ಬರೀಬೇಕಾದ ಕಡೆ 4001 ಅಂತ ಬರೆದೆ. ಯಂತ್ರ ತುಟಿಪಿಟಕ್ ಅನ್ನಲಿಲ್ಲ. ಫಾರ್ಮ್ಯಾಟ್ ಕೊಟ್ಟು ಕಾಫಿ ಮಾಡ್ಕೊಂಡು ಬರೋ ಹೊತ್ತಿಗೆ, 3001ರಿಂದ 6000ದವರೆಗೆ ಇದ್ದ ಪಕ್ಕದ ಮಷೀನಿನ ಡಿಸ್ಕಿನಲ್ಲಿ ಮೂರರಲ್ಲಿ ಎರಡು ಪಾಲು ಅಳಿಸಿಹೋಗಿತ್ತು!

ಇಷ್ಟು ದುಬಾರಿ ಯಂತ್ರಕ್ಕೆ "ಅಯ್ಯಾ, ಆ ಜಾಗ ಇನ್ನೊಬ್ಬರದು" ಅಂತ ಹೇಳೋಕೆ ಬರಲ್ವಾ? ಸಿಟ್ಟಲ್ಲಿ ಕೆದಕುತ್ತಾ ಹೋದವನು 60ರ ದಶಕಕ್ಕೆ ಹೋಗಿ ಮುಟ್ಟಿದೆ.

ಒಂದೇ ಕಂಪ್ಯೂಟರನ್ನು ಹಲವು ಕಂಪ್ಯೂಟರುಗಳಂತೆ ತೋರಿಸೋ ವಿದ್ಯೆ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ, ಐಬಿಎಂನ ಪ್ರಯೋಗಾಲಯದಲ್ಲಿ. ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಮತ್ತವರ ಜೊತೆಗಾರರ ಸಿಪಿ-40 1967ರ ಜನವರಿಯಲ್ಲಿ ಕೆಲಸ ಶುರು ಮಾಡಿತು. ಅದರ ಮಗ ಸಿಪಿ-67, ಮೊಮ್ಮಗ 1972ರ ವಿಎಂ/370. ನಾನು ಆ ರಾತ್ರಿ ಕೈಯಾಡಿಸಿದ ಝಡ್/ವಿಎಂ ಅದೇ ವಂಶದ ಕುಡಿ. ಡಿಸ್ಕ್ ಅಂದ್ರೆ ಆಗ ಬಟ್ಟೆ ಒಗೆಯೋ ಮಷೀನಿನಷ್ಟು ದೊಡ್ಡದು; 2311 ಅನ್ನೋ ಮಾದರಿಗೆ ಹಿಡಿಸ್ತಿದ್ದದ್ದು ಬರೀ ಏಳು ಮೆಗಾಬೈಟ್ ಚಿಲ್ಲರೆ. ತಲೆಗೊಂದು ಕೊಡೋಕಾಗುತ್ತಾ? ಅದಕ್ಕೇ ಒಂದು ಡಿಸ್ಕನ್ನು ಸೈಟು ಮಾಡಿದ ಹಾಗೆ ತುಂಡು ಮಾಡಿ ಹಂಚಿದರು. ಆ ತುಂಡೇ ಮಿನಿಡಿಸ್ಕ್.

ಅಳತೆ ಸಿಲಿಂಡರ್ ಲೆಕ್ಕದಲ್ಲಿ. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಲ್ಲಿ ಒಂದೇ ನೇರಕ್ಕೆ ಬರುವ ಟ್ರ್ಯಾಕುಗಳೆಲ್ಲ ಸೇರಿ ಒಂದು ಸಿಲಿಂಡರ್. ಡೈರೆಕ್ಟರಿ ಅನ್ನೋ ಕಡತದಲ್ಲಿ ಒಂದು ಸಾಲು ಬರೆದರೆ ಆಯ್ತು: ಇಂಥ ಮಷೀನಿಗೆ, ಇಂಥ ಡಿಸ್ಕಿನಲ್ಲಿ, ಇಲ್ಲಿಂದ ಶುರುವಾಗಿ ಇಷ್ಟು ಸಿಲಿಂಡರ್. ಥೇಟ್ ನಮ್ಮೂರ ಪಹಣಿ! ಸೊನ್ನೆಯ ಸಿಲಿಂಡರ್ ಯಾರಿಗೂ ಕೊಡಲ್ಲ, ಡಿಸ್ಕಿನ ಹೆಸರಿರೋದು ಅಲ್ಲೇ.

ತಮಾಷೆ ನೋಡಿ, ನಾನು ಬರೆದ ಸಾಲಿನಲ್ಲಿದ್ದದ್ದು 3390, ಅಂದ್ರೆ 1989ರ ಡಿಸ್ಕಿನ ಹೆಸರು. ಸಿಲಿಂಡರಿಗೆ 15 ಟ್ರ್ಯಾಕು, 8,49,960 ಬೈಟು. ಆ ಡಿಸ್ಕ್ ತಯಾರಾಗೋದು ನಿಂತು ಎಷ್ಟೋ ಕಾಲವಾಯ್ತು. ಇವತ್ತಿನ ಸ್ಟೋರೇಜ್ ಪೆಟ್ಟಿಗೆ ತಾನೇ 3390 ಅಂತ ವೇಷ ಹಾಕಿ ಕೂತಿರುತ್ತೆ. ಊರು ಮುಳುಗಿದರೂ ಸರ್ವೆ ನಂಬರ್ ಉಳಿದ ಹಾಗೆ.

ಈ ಕಥೆ ಕೇಂಬ್ರಿಡ್ಜಿನದು ಮಾತ್ರ ಅಲ್ಲ. ನಮ್ಮ ಮನೆಗೆ ಹತ್ತಿರವೇ ಇರೋ ಆರ್ಗಾನ್ ಪ್ರಯೋಗಾಲಯದಲ್ಲೂ ವಿಎಂ ಇತ್ತು. ಬಿಟ್‌ನೆಟ್ ಜಾಲದಲ್ಲಿ ಅದರ ಹೆಸರು ಎಎನ್‌ಎಲ್‌ವಿಎಂ. ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಯುಐಸಿವಿಎಂ ಇನ್ನೂ ಹೆಸರುವಾಸಿ. ಇತಿಹಾಸದ ಮೇಷ್ಟ್ರುಗಳ ಎಚ್-ನೆಟ್‌ನ ಮೊದಲ ಚರ್ಚೆಗಳು 90ರ ದಶಕದ ಶುರುವಿನಲ್ಲಿ ನಡೆದದ್ದು ಅದರ ಮೇಲೆ. ಪತ್ರ ಹಂಚುತ್ತಿದ್ದ ಲಿಸ್ಟ್‌ಸರ್ವ್ ಕೂಡ ಒಂದು ವರ್ಚುವಲ್ ಮಷೀನೇ, ಅದಕ್ಕೂ ಮಿನಿಡಿಸ್ಕೇ. ಮಿನಿಡಿಸ್ಕ್ ತುಂಬಿದರೆ ಬೇಲಿ ಸರಿಸೋ ಹಾಗಿಲ್ಲ, ಪಕ್ಕದಲ್ಲಿ ಇನ್ನೊಬ್ಬರಿರ್ತಾರಲ್ಲ! ಬೇರೆ ಕಡೆ ದೊಡ್ಡ ಜಾಗ ಹುಡುಕಿ, ಎಲ್ಲಾ ಕಾಪಿ ಮಾಡಿ, ಹಳೇದನ್ನು ಬಿಟ್ಟುಕೊಡಬೇಕು. ಲಿನಕ್ಸಿನಲ್ಲಿ ನಮಗೆ ಆ ಗೋಳಿಲ್ಲ. ಹೊಸ ಮಿನಿಡಿಸ್ಕನ್ನು ಎಲ್‌ವಿಎಂ ಹಳೇದಕ್ಕೆ ಹೊಲೆದುಬಿಡುತ್ತೆ.

ಹಾಗಾದ್ರೆ ಯಂತ್ರ ಒತ್ತುವರಿಯನ್ನು ಯಾಕೆ ತಡೆಯಲಿಲ್ಲ? ಯಾಕಂದ್ರೆ ಒತ್ತುವರಿ ಇಲ್ಲಿ ತಪ್ಪಲ್ಲ ಸ್ವಾಮಿ! ಬ್ಯಾಕಪ್ ಮಾಡೋನಿಗೆ ಇಡೀ ಡಿಸ್ಕ್ ಒಟ್ಟಿಗೆ ಕಾಣಬೇಕು. ಅವನಿಗೆ ಎಲ್ಲರ ತುಂಡುಗಳ ಮೇಲೂ ಹಾಯೋ ಒಂದು ಪೂರ್ತಿ ಡಿಸ್ಕಿನಷ್ಟು ಮಿನಿಡಿಸ್ಕ್ ಬರೆದುಕೊಡ್ತಾರೆ. ಅದು ಬೇಕೆಂದೇ ಮಾಡಿದ್ದು, ನನ್ನದು ನಿದ್ದೆಗಣ್ಣಿನದು. ಯಂತ್ರಕ್ಕೆ ಎರಡೂ ಒಂದೇ. ಅದಕ್ಕೇ ಡಿಸ್ಕ್‌ಮ್ಯಾಪ್ ಅಂತ ಬೇರೆಯೇ ಒಂದು ಕಮ್ಯಾಂಡ್ ಇದೆ. ಎಲ್ಲಿ ಖಾಲಿ, ಎಲ್ಲಿ ಒಂದರ ಮೇಲೊಂದು ಅಂತ ಪಟ್ಟಿ ಕೊಡುತ್ತೆ. ಓದೋ ಕೆಲಸ ನಮ್ಮದು. ಡಿರ್‌ಮೇಂಟ್ ಇದ್ದ ಕಡೆ ಜಾಗ ಹುಡುಕೋ ಕೆಲಸವನ್ನೂ ಅದಕ್ಕೇ ವಹಿಸಬಹುದು. ನಾನು ಕೈಯಲ್ಲೇ ತಿದ್ದುತ್ತಿದ್ದೆ, ಡಿಸ್ಕ್‌ಮ್ಯಾಪ್ ಓಡಿಸಿರಲಿಲ್ಲ.

ಅಳಿಸಿಹೋದದ್ದು ಟೆಸ್ಟ್ ಮಷೀನು, ಪುಣ್ಯಕ್ಕೆ ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ವಾಪಸ್ ತಂದದ್ದು ಅದೇ ಪೂರ್ತಿ ಡಿಸ್ಕಿನ ಮಿನಿಡಿಸ್ಕ್ ಮೂಲಕ. ಒಬ್ಬ ಸಹೋದ್ಯೋಗಿಯ ಒಂದಿಡೀ ದಿನದ ಕೆಲಸ ಮಾತ್ರ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಸಿಲಿಂಡರಿಂದ?" ಅಂತ ಕೇಳಿದರು.