ನುಡಿದು ಆಲಿಸುವ ಸ್ಫಟಿಕ: ಅಲ್ಟ್ರಾಸೌಂಡ್ ಪ್ರೋಬಿನ ಚರಿತ್ರೆ

ತುರುವನೂರಿನ ವೃದ್ಧ ಭಕ್ತೆಯೊಬ್ಬರು ಚಿತ್ರದುರ್ಗದಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಊರಿಗೆ ಮರಳಿದ ಮರುದಿನ ದರ್ಶನಕ್ಕೆ ಬಂದಿದ್ದರು. ಕುಶಲ ಪ್ರಶ್ನೆ ಮುಗಿದ ಮೇಲೆ ಅವರು ಕೇಳಿದ ಮಾತು ಇಂದಿಗೂ ನಮ್ಮ ನೆನಪಿನಲ್ಲಿದೆ. "ಬುದ್ಧೀ, ಹೊಟ್ಟೆಗೆ ಏನೋ ತಣ್ಣನೆ ಲೋಳೆ ಹಚ್ಚಿ, ಅಂಗೈಯಗಲದ ಸಾಮಾನೊಂದನ್ನ ಆಡಿಸಿದರು. ಅದು ಬೆಳಕು ಬಿಡಲಿಲ್ಲ, ಸದ್ದೂ ಮಾಡಲಿಲ್ಲ. ಒಳಗಿರೋದು ಅದಕ್ಕೆ ಹೆಂಗೆ ಕಾಣ್ತು?" ನಾವು, "ಅದಕ್ಕೆ ಕಣ್ಣಿಲ್ಲ ತಾಯಿ, ಕಿವಿಯಿದೆ" ಎಂದೆವು. ಅವರು ನಕ್ಕು ಸುಮ್ಮನಾದರು. ಆದರೆ ಆ ಪ್ರಶ್ನೆ ಇನ್ನೂ ವಿಸ್ತಾರವಾದ ಉತ್ತರಕ್ಕೆ ಅರ್ಹವಾದುದು. ಆ ಅಂಗೈಯಗಲದ ಸಾಧನವನ್ನು ವೈದ್ಯರು ಪ್ರೋಬ್ ಎನ್ನುತ್ತಾರೆ. ಅದರ ಚರಿತ್ರೆಯನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸಲಾಗಿದೆ.

ಹಾಳುಬಾವಿಗೆ ಬಾಗಿ ಕೂಗುವ ಹುಡುಗನಿಗೆ ಮಾರ್ದನಿ ಎಂದರೇನೆಂಬುದು ಗೊತ್ತು. ಬಾವಿ ಆಳವಾದಷ್ಟೂ ದನಿ ತಡವಾಗಿ ಮರಳುತ್ತದೆ. ಕತ್ತಲಲ್ಲಿ ಹಾರುವ ಬಾವಲಿ ದಾರಿ ತಪ್ಪದಿರುವುದನ್ನು ಕಂಡು ಬೆರಗಾದ ಇಟಲಿಯ ಸ್ಪಲ್ಲಾಂಜಾನಿ 1794ರ ಸುಮಾರಿಗೆ ಪ್ರಯೋಗಗಳನ್ನು ನಡೆಸಿ, ಅದು ಕಣ್ಣಿನಿಂದಲ್ಲ, ಕಿವಿಯ ನೆರವಿನಿಂದ ದಾರಿ ಅರಿಯುತ್ತದೆಂದು ತಿಳಿಸಿದನು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ಆಚೆಗಿನ ಧ್ವನಿ ಕೇಳಿಸದು. ಅದನ್ನು ನಾವು ಶ್ರವಣಾತೀತ ಧ್ವನಿ ಎನ್ನುತ್ತೇವೆ. ಇಂತಹ ಧ್ವನಿಯನ್ನು ಮನುಷ್ಯನು ಹುಟ್ಟಿಸಬೇಕಾದರೆ ಅದಕ್ಕೊಂದು ನಾಲಗೆ ಬೇಕಾಗಿತ್ತು. ಕೇಳಬೇಕಾದರೆ ಒಂದು ಕಿವಿ ಬೇಕಾಗಿತ್ತು. ಈ ಎರಡೂ ಒಂದೇ ವಸ್ತುವಿನಲ್ಲಿ ದೊರೆತುದೇ ಈ ಚರಿತ್ರೆಯ ಮೊದಲ ಸೋಜಿಗ.

1880ರಲ್ಲಿ ಪ್ಯಾರಿಸ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಸಹೋದರರು ಬೆಣಚುಕಲ್ಲಿನ ಸ್ಫಟಿಕವೇ ಮೊದಲಾದ ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೈಮೇಲೆ ವಿದ್ಯುತ್ತು ಮೂಡುವುದನ್ನು ಕಂಡರು. ಮರುವರ್ಷ ಇದರ ವಿಲೋಮವೂ ಸತ್ಯವೆಂದು ತೋರಿಸಿದರು. ವಿದ್ಯುತ್ತನ್ನು ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತದೆ. ಹಿಗ್ಗಿ ಕುಗ್ಗುವ ಹರಳು ಧ್ವನಿಯನ್ನು ಹೊರಡಿಸುತ್ತದೆ. ಮರಳಿ ಬಂದ ಧ್ವನಿ ಅದನ್ನು ಒತ್ತಿದಾಗ ವಿದ್ಯುತ್ತಾಗಿ ನಿವೇದಿಸುತ್ತದೆ. 1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಡಿಕ್ಕಿ ಹೊಡೆದು ಮುಳುಗಿತು. ಬಳಿಕ ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಭಯ ಹೆಚ್ಚಿತು. ಆಗ ಪಿಯರ್ ಕ್ಯೂರಿಯ ಶಿಷ್ಯನಾದ ಪಾಲ್ ಲಾಂಜೆವಿನ್ ಉಕ್ಕಿನ ಎರಡು ಫಲಕಗಳ ನಡುವೆ ಸ್ಫಟಿಕದ ತೆಳು ಹಾಸನ್ನು ಇಟ್ಟು, ನೀರಿನೊಳಗೆ ಕೂಗಿ ಮಾರ್ದನಿಯನ್ನು ಕೇಳುವ ಸಾಧನವನ್ನು 1917ರಲ್ಲಿ ರಚಿಸಿದನು. ಇಂದು ಆಸ್ಪತ್ರೆಗಳಲ್ಲಿರುವ ಪ್ರೋಬಿನ ಪೂರ್ವಜ ಇದೇ.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಗೌರವದ ಸ್ಥಾನವಿದೆಯೆಂಬುದು ಅನೇಕರಿಗೆ ತಿಳಿಯದು. ಶ್ರವಣಾತೀತ ಧ್ವನಿ ಸಾಗುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದರೆ ಅದು ಹಲವು ಕವಲುಗಳಾಗಿ ಒಡೆಯುವುದೆಂದು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ವಿಜ್ಞಾನಿಗಳು ಕಂಡಿದ್ದರು. ಕಾರಣವನ್ನು ತೃಪ್ತಿಕರವಾಗಿ ವಿವರಿಸುವುದು ಉಳಿದಿತ್ತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸರ್ ಸಿ. ವಿ. ರಾಮನ್ ಅವರು ಎನ್. ಎಸ್. ನಾಗೇಂದ್ರನಾಥ್ ಎಂಬ ತರುಣ ವಿದ್ವಾಂಸರೊಡನೆ ಈ ಸಮಸ್ಯೆಯನ್ನು ಕೈಗೆತ್ತಿಕೊಂಡು, 1935 ಮತ್ತು 1936ರಲ್ಲಿ ಪ್ರಬಂಧಗಳ ಮಾಲೆಯನ್ನೇ ಪ್ರಕಟಿಸಿದರು. ಧ್ವನಿ ಸಾಗುವಾಗ ದ್ರವದಲ್ಲಿ ಸಾಂದ್ರ ಮತ್ತು ವಿರಳ ಪದರಗಳು ಒಂದರ ಮುಂದೊಂದು ಏರ್ಪಡುತ್ತವೆ. ಸಾಂದ್ರ ಪದರದಲ್ಲಿ ಬೆಳಕು ತುಸು ನಿಧಾನವಾಗಿ ನಡೆಯುತ್ತದೆ. ಹೀಗಾಗಿ ಸಮತಲವಾಗಿ ಒಳಹೊಕ್ಕ ಬೆಳಕಿನ ಮುಖವು ನಿರಿಗೆ ಹಿಡಿದ ಸೀರೆಯಂತೆ ಮಡಿಕೆ ಮಡಿಕೆಯಾಗಿ ಹೊರಬೀಳುತ್ತದೆ. ಆ ಮಡಿಕೆಗಳಿಂದಲೇ ಕವಲುಗಳು ಮೂಡುತ್ತವೆ. ರಾಮನ್–ನಾಥ್ ಸಿದ್ಧಾಂತವೆಂದು ಜಗತ್ತು ಇದನ್ನು ಕರೆಯುತ್ತದೆ. ಕಿವಿಗೂ ನಿಲುಕದ ಧ್ವನಿಗೆ ಬೆಳಕನ್ನು ಸಾಕ್ಷಿಯಾಗಿ ನಿಲ್ಲಿಸಿ, ಅದರ ಬಲವನ್ನು ಮುಟ್ಟದೆಯೇ ಅಳೆಯುವ ವಿಧಾನಗಳಿಗೆ ಈ ಸಿದ್ಧಾಂತವು ಆಧಾರವಾಯಿತು. ಆ ಇಬ್ಬರು ಆಸ್ಪತ್ರೆಯನ್ನು ನೆನೆದು ಈ ಕಾರ್ಯವನ್ನು ಮಾಡಿದವರಲ್ಲ. ಶುದ್ಧ ಜಿಜ್ಞಾಸೆಯಿಂದ ಮಾಡಿದರು. ಅದೇ ಸಂಸ್ಥೆಯ ಎರಡನೆಯ ಆವರಣವು ಈಗ ನಮ್ಮ ಜಿಲ್ಲೆಯದೇ ಆದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಲೋಹದೊಳಗಿನ ಬಿರುಕನ್ನು ಹುಡುಕುವ ಯಂತ್ರಗಳು ಎರಡನೆಯ ಮಹಾಯುದ್ಧದ ಕಾಲಕ್ಕೆ ಸಿದ್ಧವಾದವು. ಮುಂದೆ ಅವೇ ಮನುಷ್ಯದೇಹದ ಕಡೆಗೆ ತಿರುಗಿದವು. 1953ರಲ್ಲಿ ಸ್ವೀಡನ್ನಿನ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಇಂತಹದೊಂದು ಯಂತ್ರವನ್ನು ಎರವಲು ತಂದು ಬಡಿಯುವ ಹೃದಯದ ಮಾರ್ದನಿಯನ್ನು ದಾಖಲಿಸಿದರು. ಅಮೆರಿಕದ ಹೌರಿ ಎಂಬ ವೈದ್ಯನ ಪ್ರಯತ್ನ ಇನ್ನೂ ವಿಚಿತ್ರವಾದುದು. ಧ್ವನಿಗೂ ದೇಹಕ್ಕೂ ನಡುವೆ ಗಾಳಿ ಸುಳಿಯಬಾರದೆಂದು ಆತನು ಹಳೆಯ ಬಿ-29 ಯುದ್ಧವಿಮಾನದ ಬಂದೂಕಿನ ಗೋಪುರದಲ್ಲಿ ನೀರು ತುಂಬಿ, ರೋಗಿಯನ್ನು ಅದರಲ್ಲಿ ಕುಳ್ಳಿರಿಸಿ, ಸ್ಫಟಿಕವನ್ನು ಸುತ್ತಲೂ ತಿರುಗಿಸುತ್ತಿದ್ದನು. ಚಿತ್ರವೇನೋ ಸೊಗಸಾಗಿತ್ತು; ಆದರೆ ಜ್ವರದಿಂದ ನರಳುವವನನ್ನು ತೊಟ್ಟಿಗೆ ಇಳಿಸುವುದೆಂತು?

ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್ ಇದಕ್ಕೆ ಸುಲಭವಾದ ದಾರಿ ತೋರಿದನು. 1955ರಲ್ಲಿ ಆತನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿರಿಸಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋಗಿ, ಉಕ್ಕಿನ ಬಿರುಕು ಹುಡುಕುವ ಯಂತ್ರದಿಂದ ಅವನ್ನು ಪರೀಕ್ಷಿಸಿದನು. ಬಳಿಕ ಟಾಮ್ ಬ್ರೌನ್ ಎಂಬ ಯುವ ಇಂಜಿನಿಯರ್ ಮತ್ತು ಸಹವೈದ್ಯ ಮ್ಯಾಕ್‌ವಿಕಾರ್ ಇವರ ನೆರವಿನಿಂದ, ಹೊಟ್ಟೆಗೆ ಆಲಿವ್ ಎಣ್ಣೆ ಸವರಿ ಅದರ ಮೇಲೆಯೇ ಪ್ರೋಬನ್ನು ಆಡಿಸುವ ಯಂತ್ರ ಸಿದ್ಧವಾಯಿತು. ವಾಸಿಯಾಗದ ಜಠರದ ಕ್ಯಾನ್ಸರ್ ಎಂದು ವೈದ್ಯರು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿ ಇದ್ದುದು ದ್ರವ ತುಂಬಿದ ದೊಡ್ಡ ಚೀಲವೆಂದು ಮಾರ್ದನಿ ತಿಳಿಸಿತು. ಅದನ್ನು ತೆಗೆದುಹಾಕಿದರು, ಆಕೆ ಬದುಕಿದಳು. 1958ರ ಜೂನ್ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಮೂವರ ಪ್ರಬಂಧ ಪ್ರಕಟವಾದ ಮೇಲೆ ವೈದ್ಯಲೋಕ ಈ ಕಡೆಗೆ ಕಿವಿಗೊಟ್ಟಿತು.

ಇನ್ನು ಪ್ರೋಬಿನ ಒಡಲೊಳಗೆ ಇಣುಕೋಣ. ಬೆಣಚುಕಲ್ಲಿನ ಸ್ಥಾನಕ್ಕೆ 1950ರ ದಶಕದಲ್ಲಿ ಪಿಂಗಾಣಿಯಂತೆ ಸುಟ್ಟು ಮಾಡಿದ ಹೊಸ ವಸ್ತು ಬಂದಿತು. ಸೀಸ, ಜಿರ್ಕೋನಿಯಂ ಮತ್ತು ಟೈಟಾನಿಯಂಗಳ ಆಕ್ಸೈಡುಗಳಿಂದಾದ ಇದನ್ನು ಪಿ.ಜೆಡ್.ಟಿ. ಎಂದು ಕರೆಯುವರು. ಬಿಲ್ಲೆ ತೆಳುವಾದಷ್ಟೂ ಅದರ ಕಂಪನ ಹೆಚ್ಚು. ಸೆಕೆಂಡಿಗೆ 35 ಲಕ್ಷ ಬಾರಿ, ಅಂದರೆ 3.5 ಮೆಗಾಹರ್ಟ್ಸ್ ವೇಗದಲ್ಲಿ ಮಿಡಿಯಬೇಕಾದ ಬಿಲ್ಲೆ ಅರ್ಧ ಮಿಲಿಮೀಟರಿಗಿಂತ ತುಸು ಮಾತ್ರ ದಪ್ಪವಾಗಿರುತ್ತದೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ. ಆದರೆ ಧ್ವನಿ ಬೇಗನೆ ಬಳಲಿ ಆಳಕ್ಕೆ ಇಳಿಯದು. ಆದುದರಿಂದಲೇ ಹೊಟ್ಟೆಗೆ 2ರಿಂದ 5 ಮೆಗಾಹರ್ಟ್ಸಿನ ಪ್ರೋಬನ್ನೂ ಚರ್ಮದ ಸಮೀಪದ ಥೈರಾಯ್ಡ್ ಗ್ರಂಥಿ ಮುಂತಾದವಕ್ಕೆ ಅದಕ್ಕಿಂತ ಹೆಚ್ಚಿನ ಕಂಪನದ ಪ್ರೋಬನ್ನೂ ವೈದ್ಯರು ಕೈಗೆತ್ತಿಕೊಳ್ಳುತ್ತಾರೆ.

ದೇವಾಲಯದ ಗಂಟೆಯನ್ನು ಬಾರಿಸಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಬಾರಿಸಿದ ಕೂಡಲೇ ಅಂಗೈಯಿಂದ ಹಿಡಿದರೆ ನಾದ ಅಡಗುತ್ತದೆ. ಪ್ರೋಬಿನ ಬಿಲ್ಲೆಯೂ ಗಂಟೆಯಂತೆ ಅನುರಣಿಸುತ್ತಲೇ ಇದ್ದರೆ ಸಮೀಪದಿಂದ ಬಂದ ಮೆಲುದನಿ ಅದಕ್ಕೆ ಕೇಳಿಸದು. ಒಂದರ ಹಿಂದೊಂದಿರುವ ಎರಡು ಪೊರೆಗಳು ಒಂದೇ ಎಂದು ತೋರುತ್ತವೆ. ಆದ್ದರಿಂದ ಬಿಲ್ಲೆಯ ಬೆನ್ನಿಗೆ ಟಂಗ್‌ಸ್ಟನ್ ಪುಡಿ ಬೆರೆಸಿದ ಅಂಟಿನ ದಿಮ್ಮಿಯನ್ನು ಅಂಟಿಸುವರು. ಅದೇ ಗಂಟೆಯನ್ನು ಹಿಡಿದ ಅಂಗೈ. ಮುಂಭಾಗದಲ್ಲಿ ಮತ್ತೊಂದು ತೊಡಕು. ಪಿಂಗಾಣಿ ಬಲು ಗಡುಸು, ದೇಹ ಮೃದು. ಇವೆರಡನ್ನು ನೇರವಾಗಿ ತಾಗಿಸಿದರೆ ಹೊರಟ ಧ್ವನಿಶಕ್ತಿಯಲ್ಲಿ ನೂರಕ್ಕೆ 80ರಷ್ಟು ಗಡಿಯಿಂದಲೇ ಹಿಂದಿರುಗುತ್ತದೆ. ಇದಕ್ಕಾಗಿ ಗಡುಸಿಗೂ ಮೃದುವಿಗೂ ಮಧ್ಯಸ್ಥಿಕೆ ವಹಿಸುವ ಪದರವೊಂದನ್ನು ಧ್ವನಿಯ ಅಲೆಯುದ್ದದ ಕಾಲುಭಾಗದಷ್ಟು ದಪ್ಪವಾಗಿ ಹೊಂದಿಸುವರು. ಆ ತಾಯಿ ಕಂಡ ಲೋಳೆಗೂ ಇಂತಹದೇ ಕೆಲಸ. ಪ್ರೋಬಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಧ್ವನಿ ಒಳಹೊಗದು. 1978ರಲ್ಲಿ ಅಮೆರಿಕದ ನ್ಯೂನ್ಹ್ಯಾಮ್ ಮತ್ತು ಸಂಗಡಿಗರು ಪಿಂಗಾಣಿಯನ್ನೂ ಪ್ಲಾಸ್ಟಿಕ್ಕನ್ನೂ ಕ್ರಮಬದ್ಧವಾಗಿ ಬೆಸೆಯುವ ಬಗೆಗಳನ್ನು ನಿರೂಪಿಸಿದರು. ಪಿಂಗಾಣಿಯನ್ನು ಸಣ್ಣ ಸಣ್ಣ ಕಂಬಗಳಾಗಿ ಕೊಯ್ದು ಸಂದುಗಳಲ್ಲಿ ಪ್ಲಾಸ್ಟಿಕ್ ತುಂಬಿದ ಪ್ರೋಬುಗಳು ಬಳಕೆಗೆ ಬಂದು ಆ ಗಡುಸುತನವೂ ತಗ್ಗಿತು.

ಮೊದಲ ಪ್ರೋಬಿನಲ್ಲಿ ಇದ್ದುದು ಒಂದೇ ಬಿಲ್ಲೆ. ವೈದ್ಯನ ಕೈ ಅದನ್ನು ಎಳೆದಾಡಬೇಕಾಗಿತ್ತು. ಅಷ್ಟರಲ್ಲಿ ಗರ್ಭದ ಶಿಶು ಹೊರಳಿಬಿಡುತ್ತಿತ್ತು. 1970ರ ದಶಕದ ಆರಂಭದಲ್ಲಿ ಹಾಲೆಂಡಿನ ನಿಕೊಲಾಸ್ ಬಾಮ್ 20 ಪುಟ್ಟ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದನು. ಒಂದೇ ಕಾಳಿನಂತೆ ಬಿತ್ತುವುದಕ್ಕೂ ಕೂರಿಗೆಯಿಂದ ಸಾಲು ಸಾಲಾಗಿ ಬಿತ್ತುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಬಡಿಯುವ ಹೃದಯವನ್ನು ಬಡಿಯುತ್ತಿರುವಂತೆಯೇ ಕಾಣಲು ಸಾಧ್ಯವಾಯಿತು. ಬಿಲ್ಲೆಗಳನ್ನು ಕ್ಷಣಾಂಶದ ಅಂತರದಲ್ಲಿ ಒಂದರ ಬಳಿಕ ಒಂದನ್ನು ಮಿಡಿಸಿದರೆ ಧ್ವನಿಯ ಮುಖವೇ ಓರೆಯಾಗಿ ತಿರುಗುವುದು. ಕೆರೆಯ ಏರಿಯ ಮೇಲೆ ಸಾಲಾಗಿ ನಿಂತವರು ಒಂದು ತುದಿಯಿಂದ ಕ್ರಮವಾಗಿ ಕಲ್ಲೆಸೆದರೆ ಅಲೆ ಓರೆಯಾಗಿ ಸಾಗುವಂತೆ ಇದು. ಇಂದಿನ ಅನೇಕ ಪ್ರೋಬುಗಳಲ್ಲಿ 128 ಬಿಲ್ಲೆಗಳಿರುತ್ತವೆ.

ಒಟ್ಟಾರೆ ನೋಡಿದರೆ ಈ ರಚನೆಯ ಮರ್ಮವೆಲ್ಲ ಅಡಗಿರುವುದು ಮೌನದಲ್ಲಿ. ಪ್ರೋಬು ನುಡಿಯುವುದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಹೊತ್ತು. 15 ಸೆಂಟಿಮೀಟರ್ ಆಳದಿಂದ ಮಾರ್ದನಿ ಮರಳುವ ತನಕ ಸುಮಾರು ಇನ್ನೂರು ಪಾಲು ಹೊತ್ತು ಅದು ಸುಮ್ಮನೆ ಆಲಿಸುತ್ತದೆ. ತನ್ನ ದನಿಯನ್ನು ಅಡಗಿಸಿಕೊಳ್ಳುವುದನ್ನು ಕಲಿತಷ್ಟೂ ಪರರ ಮೆಲುದನಿ ಅದಕ್ಕೆ ಸ್ಪಷ್ಟವಾಯಿತು.

1990ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ವಿಪ್ರೋ ಜಿ.ಇ. ಸಂಸ್ಥೆಯ ಮೂಲಕ ಅಲ್ಟ್ರಾಸೌಂಡ್ ಯಂತ್ರಗಳ ತಯಾರಿಕೆಯೂ ನಮ್ಮ ನಾಡಿಗೆ ಬಂದಿತು. ಈಗ ಸಿಲಿಕಾನ್ ಚಿಪ್ಪಿನ ಮೇಲೆಯೇ ಸಾವಿರಾರು ಪುಟ್ಟ ಪೊರೆಗಳನ್ನು ಕೊರೆದು, ಮೊಬೈಲ್ ಫೋನಿಗೆ ಜೋಡಿಸಬಹುದಾದ ಪ್ರೋಬುಗಳೂ ಲೋಕದಲ್ಲಿ ಬಳಕೆಗೆ ಬಂದಿವೆ. ಒಮ್ಮೆ ವಿಮಾನದ ಗೋಪುರವನ್ನು ಬೇಡಿದ ಸಾಧನ ಇಂದು ಜೇಬಿನಲ್ಲಿ ಹಿಡಿಸುತ್ತದೆ. ತುರುವನೂರಿನಂತಹ ಊರುಗಳ ಬಸುರಿಯರಿಗೆ ಇದಕ್ಕಿಂತ ದೊಡ್ಡ ವರ ಮತ್ತಾವುದು?

ಆದರೆ ಈ ವರಕ್ಕೆ ನಾವೇ ಅಡ್ಡಿಯಾದೆವೆಂದು ನೋವಿನಿಂದ ಹೇಳಬೇಕಾಗಿದೆ. ಶಿಶುವಿನ ಕ್ಷೇಮವನ್ನು ಕೇಳಬೇಕಾದ ಕಿವಿಗೆ ನಾವು ಅದು ಗಂಡೋ ಹೆಣ್ಣೋ ಎಂದು ಕೇಳಿದೆವು. ಹೆಣ್ಣೆಂದು ತಿಳಿದಾಗ ಅದರ ದನಿಯನ್ನೇ ಅಡಗಿಸಿದೆವು. ಇದನ್ನು ತಡೆಯಲು 1994ರಲ್ಲಿ ಕೇಂದ್ರ ಶಾಸನ ರಚಿತವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದಿತು. 2003ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಆದರೂ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 946ಕ್ಕೆ ಇಳಿಯಿತು. 2011ರಲ್ಲಿ 948 ಆಯಿತು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾದಾಗ ನಾಡೇ ತಲೆ ತಗ್ಗಿಸಿತು. ಬೆಲ್ಲದ ಸಿಹಿ ಹುಟ್ಟುವ ಮನೆಯಲ್ಲಿ ಇಂತಹ ಕಹಿ!

ಇದರಿಂದಾಗಿ ಯಂತ್ರವನ್ನು ನೋಂದಾಯಿತ ಕೇಂದ್ರಗಳಿಗೆ ಮಾತ್ರ ಮಾರಬೇಕೆಂದೂ, ಎತ್ತಿಕೊಂಡು ಹೋಗಬಹುದಾದ ಯಂತ್ರಗಳ ಮೇಲೆ ವಿಶೇಷ ನಿರ್ಬಂಧವಿರಬೇಕೆಂದೂ ನಿಯಮಗಳಾದವು. ನಿಯಮ ನ್ಯಾಯವಾದುದೇ. ಆದರೆ ಅದರ ಭಾರ ಬೀಳುವುದು ಯಾರ ಮೇಲೆ? ತಪ್ಪು ಮಾಡಿದವರು ಗುಟ್ಟಾಗಿ ದಾರಿ ಹುಡುಕಿಕೊಳ್ಳುತ್ತಾರೆ; ತಪ್ಪೇನೂ ಮಾಡದ ಹಳ್ಳಿಯ ಬಸುರಿ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಬೇಕಾಗುತ್ತದೆ. ವಿಜ್ಞಾನಿಗಳು ನೂರು ವರ್ಷಗಳ ಕಾಲ ಶ್ರಮಿಸಿ ಪ್ರೋಬನ್ನು ಅಂಗೈಯಗಲಕ್ಕೆ ತಂದರು; ಅದನ್ನು ಊರೂರಿಗೆ ಒಪ್ಪಿಸುವಷ್ಟು ನಂಬಿಕೆಯನ್ನು ಸಮಾಜ ಇನ್ನೂ ಗಳಿಸಿಲ್ಲ. ಆ ನಂಬಿಕೆಯನ್ನು ಯಾವ ಪ್ರಯೋಗಶಾಲೆಯೂ ತಯಾರಿಸಿ ಕೊಡಲಾರದು. ಅದು ಮನೆಗಳಲ್ಲಿ ಹುಟ್ಟಬೇಕು. ಅತ್ತೆ ಮಾವಂದಿರ, ಗಂಡಂದಿರ ಮನಸ್ಸಿನಲ್ಲಿ ಮೂಡಬೇಕು.

ಆ ವೃದ್ಧ ತಾಯಿಗೆ ಅಂದು ಹೇಳಿದ್ದೆವು, ಅದಕ್ಕೆ ಕಿವಿಯಿದೆ ಎಂದು. ಅದು ತಾನು ಕೇಳಿದುದನ್ನು ಕೇಳಿದಂತೆಯೇ ತಿಳಿಸುತ್ತದೆ. ಹೆಣ್ಣೆಂದು ಖಿನ್ನವಾಗದು, ಗಂಡೆಂದು ಹಿಗ್ಗದು. ಸುಟ್ಟ ಮಣ್ಣಿನ ಒಂದು ಬಿಲ್ಲೆಗೆ ಇರುವ ಆ ಸಮಭಾವ ನಮ್ಮ ಮನೆಗಳಿಗೂ ಬರಲಿ.