ಬುರ್ರಕಥೆಯೂ ಬಾನುಲಿಯೂ

ಪುರಾಣಗಳಲ್ಲಿ ಬರುವ ಆಕಾಶವಾಣಿಯು ಅಶರೀರವಾದುದು. ದೇವಕಿಯ ಮದುವೆಯ ರಥವನ್ನು ನಡೆಯಿಸುತ್ತಿದ್ದ ಕಂಸನಿಗೆ ಅಂತರಿಕ್ಷದಿಂದ ಮಾತು ಕೇಳಿಬಂದಿತು. ಅವನು ಮರುಮಾತನಾಡಬೇಕೆಂದರೆ ಎದುರಿಗೆ ಯಾರೂ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಲ್ಲಿಯೇ ೩೦ ವಾಟ್ ಶಕ್ತಿಯ ಯಂತ್ರವನ್ನಿಟ್ಟು ಪ್ರಸಾರಕಾರ್ಯಕ್ಕೆ ತೊಡಗಿದರು. ಆ ನಿಲಯಕ್ಕೆ ಬಂದ ಹೆಸರು ಇದೇ ಆಕಾಶವಾಣಿ. ಸುಮಾರು ಎರಡು ದಶಕಗಳ ತರುವಾಯ ಭರತಖಂಡದ ಸರಕಾರೀ ನಿಲಯಗಳೆಲ್ಲವೂ ಅದನ್ನೇ ಧರಿಸಿದುವು. ಹೆಸರು ಸಾರ್ಥಕವೇ ಸರಿ. ಹಾಡುವವನು ಒಂದೆಡೆ, ಕೇಳುವವನು ಮತ್ತೊಂದೆಡೆ. ನಡುವೆ ಬರಿಯ ಆಕಾಶ. ಆದರೆ ಕೇಳುವವನು ಎದುರಿಗೆ ಕುಳಿತು ಹೂಂಗುಟ್ಟದಿದ್ದರೆ ಮುಂದೆ ಸಾಗದ ಗಾನವೂ ಲೋಕದಲ್ಲಿ ಉಂಟು. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಬುರ್ರಕಥೆಯು ಅಂಥದು. ಅದಕ್ಕೂ ಬಾನುಲಿಗೂ ಆದ ಸಂಬಂಧವನ್ನು ವಿಚಾರಿಸುವುದು ಉಚಿತವಾಗಿದೆ.

ತೆಲುಗಿನಲ್ಲಿ ಬುರ್ರವೆಂದರೆ ಬುರುಡೆ. ತಂಬೂರಿಯ ಸೋರೆಬುರುಡೆಯಿಂದ ಈ ಹೆಸರು ಬಂದಿತೆಂದು ಹೇಳುವರು. ಮೇಳದಲ್ಲಿ ಮೂವರು. ನಡುವೆ ನಿಂತವರು ತಂಬೂರಿಯನ್ನು ಮೀಟುತ್ತ ಕಥೆಯನ್ನು ನಡೆಯಿಸುವರು. ಎಡಬಲದವರು ಗುಮ್ಮಟೆಯನ್ನು ಬಾರಿಸುತ್ತ ಪಲ್ಲವಿಯನ್ನು ಎತ್ತಿಕೊಳ್ಳುವರು. ಇವರು ಬರಿಯ ಪಕ್ಕವಾದ್ಯದವರಲ್ಲ. ಒಬ್ಬರು ನಡುನಡುವೆ ಹಾಸ್ಯವಾಡಿ ನಗಿಸುವರು. ಇನ್ನೊಬ್ಬರು ಪ್ರಶ್ನೆ ಕೇಳುವರು, ಕಾಲಕ್ಕೆ ಒಪ್ಪುವ ಲೋಕವಾರ್ತೆಯನ್ನು ಕಥೆಯೊಳಗೆ ತರುವರು. ಸಭೆಯವರು ನಿದ್ದೆಗೆ ಜಾರಿದರೆ ಹಾಸ್ಯ ಬೆಳೆಯುವುದು. ಹೆಂಗಸರು ಕಣ್ಣೊರಸಿಕೊಂಡರೆ ಕರುಣಸ್ಥಾನ ಇನ್ನಷ್ಟು ಲಂಬಿಸುವುದು. ಆದುದರಿಂದ ಒಂದೇ ಕಥೆಯು ಎರಡು ರಾತ್ರಿ ಒಂದೇ ಪ್ರಮಾಣದಲ್ಲಿ ಇರಲಾರದು. ಲಾಕ್ಷಣಿಕರು ರಸಕ್ಕೆ ಸಹೃದಯನೂ ಕಾರಣನೆಂದು ಹೇಳಿದ ಮಾತಿಗೆ ಇದಕ್ಕಿಂತ ಸುಲಭವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಈ ಸೀಮೆಯ ರಾಜಕೀಯ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಹೊಸಪೇಟೆಯೂ ಕಂಪ್ಲಿಯೂ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದುವು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದು, ೧೯೪೯ರಲ್ಲಿ ಮದ್ರಾಸಿನಲ್ಲಿ ಲೀನವಾಯಿತು. ತುಂಗಭದ್ರೆಯನ್ನು ದಾಟಿದರೆ ಆನೆಗೊಂದಿ, ಗಂಗಾವತಿ. ಅದು ನಿಜಾಮನ ನಾಡು. ೧೯೫೩ನೆಯ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯು ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟು ಮೈಸೂರನ್ನು ಸೇರಿತು. ಇಷ್ಟು ಗಡಿಗಳ ನಡುವೆ ಯಾವ ರಹದಾರಿಯೂ ಇಲ್ಲದೆ ಸಂಚರಿಸಿದವರು ಬುಡ್ಗ ಜಂಗಮರೆಂಬ ಅಲೆಮಾರಿ ಗಾಯಕರು. ಅವರ ಬಾಯಲ್ಲಿ ಕನ್ನಡವೂ ತೆಲುಗೂ ಬೇರೆಬೇರೆಯಾಗಿರಲಿಲ್ಲ.

ಅವರು ಹಾಡುತ್ತಿದ್ದ ಕಥೆಗಳಲ್ಲಿ ಈ ಮಣ್ಣಿನದೇ ಆದುದು ಕುಮಾರರಾಮನ ಕಥೆ. ದೊರೆ ಕಂಪಿಲರಾಯನ ಮಗನಾದ ರಾಮನಾಥನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬಿದ್ದುದು, ಅವಳ ಮೋಹ, ಅವನ ನಿರಾಕರಣೆ, ಅವಳ ದೂರು, ತಂದೆಯ ಕ್ರೂರಾಜ್ಞೆ, ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ ಕುಮಾರನನ್ನು ನೆಲಮಾಳಿಗೆಯಲ್ಲಿ ಅಡಗಿಸಿದುದು, ತುರುಕರ ದಂಡು ಬಂದಾಗ ಸತ್ತನೆಂದುಕೊಂಡ ವೀರನು ಎದ್ದುಬಂದು ಕಾದಿದುದು: ಇವೆಲ್ಲವನ್ನೂ ನಂಜುಂಡಕವಿಯು ಸಾಂಗತ್ಯದಲ್ಲಿ ಹೇಳಿದ್ದಾನೆ. ಚರಿತ್ರೆಯ ಎಳೆಯೂ ಇದರಲ್ಲಿ ಗಟ್ಟಿಯಾಗಿದೆ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನನಿಗೆ ಆಶ್ರಯವಿತ್ತು, ಆತನನ್ನು ಒಪ್ಪಿಸಲೊಲ್ಲದೆ ಕಂಪಿಲಿಯ ದೊರೆಯು ೧೩೨೭ರ ಸುಮಾರಿನಲ್ಲಿ ಮಡಿದನು. ಯಾತ್ರಿಕನಾದ ಇಬ್ನ್ ಬತೂತನು ಇದನ್ನು ಗೌರವದಿಂದ ಬರೆದಿರುವನು. ಹತ್ತೇ ವರ್ಷಗಳೊಳಗೆ ಅದೇ ನದಿಯ ದಡದಲ್ಲಿ ವಿಜಯನಗರವು ತಲೆಯೆತ್ತಿತು. ವಿಜಯನಗರದ ವೈಭವವನ್ನು ಹಂಪೆಯ ಕಲ್ಲುಗಳು ಹೇಳುವುವು. ಅದಕ್ಕೆ ಮುಂಚೆ ಅಳಿದ ಈ ಸಣ್ಣ ರಾಜ್ಯದ ನೆನಪನ್ನು ಮುಖ್ಯವಾಗಿ ಕಾದವರು ಹಾಡುಗಾರರು ಮತ್ತು ಅವರಿಗೆ ಹೂಂಗುಟ್ಟಿದ ರೈತರು.

ಬಾನುಲಿಯು ಹಳ್ಳಿಯ ಗಾನಕ್ಕೆ ಶತ್ರುವೆಂದು ಇಷ್ಟರಿಂದಲೇ ತಿಳಿಯಬಾರದು. ಅಮೆರಿಕದ ನ್ಯಾಶ್‌ವಿಲ್ ನಗರದ ದೃಷ್ಟಾಂತವು ಬೇರೆ ತೆರನಾಗಿದೆ. ಅಲ್ಲಿನ ಒಂದು ವಿಮಾಸಂಸ್ಥೆಯು ೧೯೨೫ರಲ್ಲಿ ಬಾನುಲಿ ನಿಲಯವನ್ನು ತೆರೆಯಿತು. ಅದೇ ವರ್ಷ ನವೆಂಬರ್ ೨೮ರ ಶನಿವಾರ ರಾತ್ರಿ ಜಾರ್ಜ್ ಹೇ ಎಂಬ ನಿರೂಪಕನು ಜಿಮ್ಮಿ ಥಾಂಪ್ಸನ್ ಎಂಬ ೭೭ ವಯಸ್ಸಿನ ಪಿಟೀಲುಗಾರನನ್ನು ಯಂತ್ರದೆದುರು ಕುಳ್ಳಿರಿಸಿ ಹಳ್ಳಿಯ ಮಟ್ಟುಗಳನ್ನು ನುಡಿಸಿದನು. ಎರಡು ವರ್ಷಗಳಾದ ಮೇಲೆ, ೧೯೨೭ರ ಡಿಸೆಂಬರ್ ೧೦ರಂದು, ನಾಗರಿಕರ ‘ಗ್ರ್ಯಾಂಡ್ ಆಪೆರ’ ಸಂಗೀತವು ಮುಗಿದೊಡನೆ ಹೇ ವಿನೋದದಿಂದ ತನ್ನದು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದನು. ಆಪೆರವನ್ನು ಹಳ್ಳಿಗರ ಉಚ್ಚಾರಣೆಯಲ್ಲಿ ಹೇಳಿದ ಈ ಪರಿಹಾಸವೇ ಶಾಶ್ವತವಾದ ಹೆಸರಾಯಿತು. ಕೇಳುವವರು ನಿಲಯಕ್ಕೇ ನುಗ್ಗಿಬಂದುದರಿಂದ ಅವರಿಗೆ ಸ್ಥಳ ಕಲ್ಪಿಸಬೇಕಾಯಿತು. ೧೯೪೩ರಿಂದ ೧೯೭೪ರವರೆಗೆ ರೈಮನ್ ಎಂಬ ಹಳೆಯ ಪ್ರಾರ್ಥನಾಮಂದಿರದಲ್ಲಿ, ಅಲ್ಲಿಂದಾಚೆಗೆ ತನ್ನದೇ ಆದ ಗೃಹದಲ್ಲಿ ಕಾರ್ಯಕ್ರಮವು ನಡೆಯಿತು. ಹಳೆಯ ವೇದಿಕೆಯ ಹಲಗೆಗಳನ್ನು ವೃತ್ತಾಕಾರವಾಗಿ ಕೊಯ್ದು ಹೊಸ ವೇದಿಕೆಯ ನಡುವೆ ಕೂಡಿಸಿದ್ದಾರೆ. ೨೦೨೫ಕ್ಕೆ ಇದಕ್ಕೆ ನೂರು ವರ್ಷ ತುಂಬಿತು. ಧ್ವನಿಯು ಆಕಾಶದಲ್ಲಿ ಹೋದರೂ ಗಾಯಕನ ಎದುರಿಗೆ ಜನ ಕುಳಿತೇ ಇದ್ದರು. ಬಾಳಿಕೆಯ ಗುಟ್ಟು ಅದೇ ಎಂದು ತೋರುತ್ತದೆ.

ಅಲ್ಲಿಯೂ ಕಳಂಕವಿಲ್ಲದಿಲ್ಲ. ಹೊಸ ಹೆಸರು ಹುಟ್ಟಿದ ರಾತ್ರಿ ಮೊದಲು ನುಡಿಸಿದವನು ಡಿಫೋರ್ಡ್ ಬೇಲಿ, ಆಫ್ರಿಕದಿಂದ ತಂದ ಗುಲಾಮರ ವಂಶಜ. ೧೯೪೧ರಲ್ಲಿ ಅವನನ್ನು ಕೈಬಿಟ್ಟರು. ಜೀವನಕ್ಕಾಗಿ ಅವನು ಜನರ ಪಾದರಕ್ಷೆಗೆ ಹೊಳಪು ಕೊಡುವ ಅಂಗಡಿಯನ್ನು ನಡೆಸಿದನು. ೧೯೮೨ರಲ್ಲಿ ತೀರಿಹೋದವನಿಗೆ ಗೌರವಮಂದಿರದಲ್ಲಿ ಸ್ಥಾನ ದೊರೆತುದು ೨೦೦೫ರಲ್ಲಿ.

ಕನ್ನಡನಾಡಿನಲ್ಲಿ ಬಾನುಲಿಯು ಬೆಳೆದ ಬಗೆ ಬೇರೆ. ೧೯೫೦ರ ಜನವರಿ ೮ರಂದು ಧಾರವಾಡದ ನಿಲಯವೂ, ೧೯೬೬ರಲ್ಲಿ ಕಲಬುರಗಿಯ ನಿಲಯವೂ ಆರಂಭವಾದುವು. ಅವುಗಳಿಂದ ಜನಪದಗೀತೆಗಳಿಗೆ ಉಪಕಾರವಾಗಿರುವುದು ಸತ್ಯ. ಬೀಸುವ ಪದವೂ ಸೋಬಾನೆಯೂ ಪಟ್ಟಣದ ವಿದ್ಯಾವಂತರ ಮನೆಯನ್ನು ಹೊಕ್ಕುದು ಬಹುಮಟ್ಟಿಗೆ ಈ ದಾರಿಯಿಂದಲೇ. ಬಿಡಿಗೀತೆಯು ಕಾಲುಗಂಟೆಯಲ್ಲಿ ಅಡಗುವುದು. ಕಥನಗಾನವು ಅಡಗದು. ಮೇಲಾಗಿ ಸರಕಾರದ ಬಾನುಲಿಯಲ್ಲಿ ಆಡುವ ಮಾತನ್ನು ಮುಂಚಿತವಾಗಿ ಬರೆದು ಒಪ್ಪಿಸಬೇಕಾದ ಪದ್ಧತಿಯಿತ್ತು. ಬುರ್ರಕಥೆಯ ಪಕ್ಕದವರು ಆಗಿಂದಾಗ್ಗೆ ಎಸೆಯುವ ಮಾತನ್ನು ಬರೆದೊಪ್ಪಿಸುವುದು ಹೇಗೆ? ೧೯೪೦ರ ದಶಕದಲ್ಲಿ ತೆಲುಗು ನಾಡಿನ ಷೇಕ್ ನಾಜರ್ ಮೊದಲಾದವರು ಈ ಮಾತಿನ ಬಲದಿಂದಲೇ ಬುರ್ರಕಥೆಯನ್ನು ರಾಜಕೀಯದ ಆಯುಧವನ್ನಾಗಿ ಮಾಡಿದರು. ಮದ್ರಾಸು ಸರಕಾರವೂ ನಿಜಾಮನ ಸರಕಾರವೂ ಅದಕ್ಕೆ ಅಂಜಿ ನಿಷೇಧವನ್ನು ಹೊರಿಸಿದುವು. ಕೇಳುವವರನ್ನು ಒಟ್ಟಿಗೆ ಕೂರಿಸುವ ಯತ್ನವೂ ನಡೆಯದೆ ಇರಲಿಲ್ಲ. ೧೯೫೪ರಿಂದ ಶಾಸ್ತ್ರೀಯ ಸಂಗೀತಕ್ಕೆ ಆಹ್ವಾನಿತ ಶ್ರೋತೃಗಳಿದ್ದ ಆಕಾಶವಾಣಿ ಸಂಗೀತ ಸಮ್ಮೇಳನವಿತ್ತು. ೧೯೫೬ರಲ್ಲಿ ಪುಣೆಯ ಸುತ್ತಣ ಹಳ್ಳಿಗಳಲ್ಲಿ ರೈತರು ಗುಂಪಾಗಿ ಬಾನುಲಿ ಕೇಳಿ ಚರ್ಚಿಸುವ ಏರ್ಪಾಡಾಯಿತು. ಒಂದು ಸಂಗೀತಕ್ಕೆ, ಇನ್ನೊಂದು ಕೃಷಿಗೆ. ಎರಡೂ ಕೂಡಿದ್ದರೆ ಬುರ್ರಕಥೆಗೆ ಬೇಕಾದ ಸಭೆ ಸಿದ್ಧವಾಗುತ್ತಿತ್ತು.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರ ಬಾಳಿನಲ್ಲಿ ಈ ವಿಷಯವು ಸ್ಪಷ್ಟವಾಗಿ ಕಾಣುವುದು. ೧೯೩೦ರಲ್ಲಿ ಬುಡ್ಗ ಜಂಗಮರ ಮನೆಯಲ್ಲಿ ಹುಟ್ಟಿದ ಈಕೆಗೆ ಅಕ್ಷರ ಬಾರದು. ತಂದೆ ಲಾಲಪ್ಪನವರಿಂದ ಕಲಿತು, ಮನೆಯ ಹೆಣ್ಣುಮಕ್ಕಳನ್ನೇ ಗುಮ್ಮಟೆಗೆ ನಿಲ್ಲಿಸಿಕೊಂಡು, ಊರೂರು ತಿರುಗಿ ಹಾಡಿದರು. ಕುಮಾರರಾಮನೇ ಮೊದಲಾಗಿ ೧೨ ಕಾವ್ಯಗಳು, ಎರಡು ಲಕ್ಷ ಶಬ್ದಗಳು, ಅಚ್ಚಾದರೆ ೭೦೦೦ ಪುಟಗಳು ಈಕೆಯ ನೆನಪಿನಲ್ಲಿದ್ದುವೆಂದು ಪ್ರಸಿದ್ಧಿ. ಸ್ವಲ್ಪ ಲೆಕ್ಕ ಹಾಕೋಣ. ಕಾವ್ಯವೊಂದಕ್ಕೆ ಹದಿನಾರು ಸಾವಿರಕ್ಕೆ ಮೇಲ್ಪಟ್ಟು ಶಬ್ದಗಳಾದುವು. ನಿಮಿಷಕ್ಕೆ ೬೦ ಶಬ್ದಗಳಂತೆ ಎಲ್ಲಿಯೂ ನಿಲ್ಲದೆ ಹೇಳಿದರೂ ನಾಲ್ಕೂವರೆ ಗಂಟೆ ಬೇಕು. ಬಾನುಲಿಯ ಕಾಲುಗಂಟೆಯ ಕಂತುಗಳಾದರೆ ಹದಿನೆಂಟು. ಪಲ್ಲವಿ, ಹಾಸ್ಯ, ಮಾತುಗಾರಿಕೆ ಸೇರಿದರೆ ಬೆಳಗಾಗುವುದು. ಪಾಠಶಾಲೆಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರು ತಮ್ಮ ಧಾರಣಶಕ್ತಿಯನ್ನು ಹೊಗಳಿಕೊಳ್ಳುವುದುಂಟು. ಪುಸ್ತಕದ ಆಸರೆಯೂ ಇಲ್ಲದ ಈ ಹೆಂಗಸಿನೆದುರು ಆ ಹೊಗಳಿಕೆ ನಿಲ್ಲದು.

ಈಕೆಗೆ ೧೯೯೯ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, ಹಂಪೆಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಯೂ ದೊರೆತುವು. ಬೇಲಿಗೆ ಸತ್ತ ಮೇಲೆ ಬಂದ ಮನ್ನಣೆಯು ಈಕೆಗೆ ಬದುಕಿರುವಾಗಲೇ ಬಂದುದು ಈ ನಾಡಿನ ಪುಣ್ಯ. ವಿದ್ವಾಂಸರು ಈಕೆಯ ಬಾಯಿಂದ ಕಾವ್ಯಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ೨೦೧೪ರ ಆಗಸ್ಟ್ ೧೨ರಂದು ಈರಮ್ಮನವರು ಕಾಲವಾದಾಗ ಶಬ್ದವು ನಷ್ಟವಾಗಲಿಲ್ಲ. ಆದರೆ ಅಚ್ಚಿನ ಪುಟದಲ್ಲಿ ರತ್ನಾಜಿಯ ದೂರು ಮುಗಿದೊಡನೆ ಕಂಪಿಲರಾಯನ ಆಜ್ಞೆ ಬರುತ್ತದೆ. ಅವೆರಡರ ನಡುವೆ ಸಭೆಯಲ್ಲಿ ಏಳುತ್ತಿದ್ದ ‘ಅಯ್ಯೋ’ ಎಂಬುದು ಯಾವ ಪುಟದಲ್ಲಿಯೂ ಇಲ್ಲ. ಹಂಪೆಯ ಉತ್ಸವದ ದೊಡ್ಡ ವೇದಿಕೆಯ ಮೇಲೆ ಜನಪದ ಮೇಳಗಳಿಗೆ ಎಡೆಯುಂಟಾದರೂ, ಒಂದರ ಹಿಂದೊಂದು ಮೇಳ ಕಾದು ನಿಂತಿರುವಾಗ ಅಲ್ಲಿಯೂ ಗಡಿಯಾರದ್ದೇ ಆಳ್ವಿಕೆ.

ಹೊಸಪೇಟೆಯಲ್ಲಿ ಈಗ ಆಕಾಶವಾಣಿಯ ನಿಲಯವೊಂದಿದ್ದು, ೧೦೦.೫ ಎಂಬ ಅಂಕದ ಮೇಲೆ ಕೇಳಿಬರುತ್ತದೆ. ದರೋಜಿ ಅಲ್ಲಿಗೆ ದೂರವಲ್ಲ. ವಾರಕ್ಕೊಂದು ರಾತ್ರಿ, ಗೊತ್ತಾದ ಒಂದೇ ಹೊತ್ತಿನಲ್ಲಿ, ಯಾವುದಾದರೂ ಊರಿನ ಗುಡಿಯ ಕಟ್ಟೆಯಿಂದ, ಕುಳಿತ ಜನರ ನಗೆ ಕೆಮ್ಮುಗಳ ಸಮೇತ ಕಥೆಯನ್ನು ಪ್ರಸಾರ ಮಾಡುವುದಕ್ಕೆ ನ್ಯಾಶ್‌ವಿಲ್ಲಿನಷ್ಟು ದೊಡ್ಡ ಗೃಹವೇನೂ ಬೇಡ. ಇಂಥ ಕಥೆಯನ್ನು ಅರಿತ ಮೇಳಗಳು ಉಳಿದಿರುವಾಗ ಆಗಬೇಕು, ಅಷ್ಟೇ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆಯೂ ಹಂಪೆಯೂ ಅದರೊಳಗಾದುವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ನಾಲ್ಕೂರುಗಳ ನಡುವೆ ಮತ್ತೆ ಒಂದು ಗಡಿ ಬಿದ್ದಿತು. ನಿಲಯದ ಧ್ವನಿಯು ಎರಡು ಕಡೆಯೂ ಕೇಳುತ್ತದೆ.